ಎರಡು ಸಲ ಬೇಡ

“ಅಯ್ಯೋ, ಬೇಡ ಬಿಡಿ. ನನಗಿಂತ ಬೇಕಾಗಿರೋರು ಬೇರೆ ಯಾರಾದ್ರೂ ಇರ್ತಾರೆ,” ಎಂದು ಸಿಗ್ನೆ ಪಡಸಾಲೆಯಲ್ಲಿ ಫೋನಿಗೆ ಹೇಳಿದ್ದು ಕಿವಿಗೆ ಬಿದ್ದಾಗ, ಅಡುಗೆಮನೆಯಲ್ಲಿ ಕೇಕಿಗೆಂದು ಹುಳಿ ರೂಬಾರ್ಬ್ ದಂಟು ಹೆಚ್ಚುತ್ತಿದ್ದ ಡಾರ್ಲಾಗೆ ಮಗಳ ಮೇಲೆ ಹೆಮ್ಮೆ ಉಕ್ಕಿ ಬಂತು. ಎಷ್ಟು ಮೆತ್ತಗಿನ ದನಿ, ಎಷ್ಟು ಹದವಾದ ಮಾತು! ಈಗಿನ ಮಕ್ಕಳು ಏನಾದರೂ ಕೊಡುತ್ತೇವೆ ಎಂದರೆ ಸಾಕು, ಮಾತು ಮುಗಿಯುವ ಮೊದಲೇ ಕೈ ಚಾಚಿರುತ್ತವೆ. ಹದಿನೆಂಟು ವರ್ಷ ಹೇಳಿಕೊಟ್ಟದ್ದು ನೀರಿನಲ್ಲಿ ಮಾಡಿದ ಹೋಮವಾಗಲಿಲ್ಲ ಎಂದುಕೊಂಡಳು.

ಫೋನು ಚರ್ಚಿನ ಅಡುಗೆ ನೋಡಿಕೊಳ್ಳುವ ವರ್ನಾಳದೇ ಇರಬೇಕು. ನಿನ್ನೆ ಚರ್ಚಿನಲ್ಲಿ ಮುದುಕ ಟೋರ್ವಾಲ್ಡನನ್ನು ಮಣ್ಣು ಮಾಡಿದ ಮೇಲಿನ ಊಟವಿತ್ತು. ಆಲೂಗಡ್ಡೆ ಸಲಾಡು ಎರಡು ಬೋಗುಣಿ ಉಳಿದಿತ್ತು. ಅದನ್ನು ಯಾರದಾದರೂ ಮನೆಗೆ ಸಾಗಹಾಕುವ ತನಕ ವರ್ನಾಳ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ. ಇನ್ನೊಮ್ಮೆ ಕೇಳುತ್ತಾಳೆ, ಸಿಗ್ನೆ ಇನ್ನೊಮ್ಮೆ ಬೇಡ ಎನ್ನುತ್ತಾಳೆ, ಮೂರನೇ ಸಲಕ್ಕೆ ‘ಅಷ್ಟು ಹೇಳ್ತೀರಲ್ಲ, ಒಂಚೂರು ಕೊಡಿ’ ಎನ್ನುತ್ತಾಳೆ. ಬೋಗುಣಿಗೆ ಫ್ರಿಜ್ಜಿನಲ್ಲಿ ಜಾಗ ಮಾಡಬೇಕು.

ಹೋವ್ಡೆನ್ ಊರಿನಲ್ಲಿ ಇದು ತೊಟ್ಟಿಲ ಮಕ್ಕಳಿಗೂ ಗೊತ್ತಿದ್ದ ಕ್ರಮ. ಕಾಫಿ ಇರಲಿ, ಕೇಕು ಇರಲಿ, ಹಿಮದಲ್ಲಿ ಹೂತ ಕಾರನ್ನು ಎಳೆದು ಕೊಡುವ ಟ್ರಾಕ್ಟರೇ ಇರಲಿ, ಮೊದಲ ಸಲ ಬೇಡ ಅನ್ನಬೇಕು, ಎರಡನೇ ಸಲ ‘ಸುಮ್ಮನೆ ನಿಮಗೆ ತೊಂದರೆ’ ಅನ್ನಬೇಕು. ಕೊಡುವವರೂ ಅಷ್ಟೇ, ಮೂರು ಸಲ ಕೇಳದೆ ಬಿಡುವವರಲ್ಲ. ಕಳೆದ ಚಳಿಗಾಲದಲ್ಲಿ ಹಳ್ಳಕ್ಕೆ ಇಳಿದ ಕಾರಿನೊಳಗೆ ಕೂತೇ ಪಾದ್ರಿಗಳು ಟ್ರಾಕ್ಟರನ್ನು ಎರಡು ಸಲ ಬೇಡ ಎಂದಿದ್ದರು. ಟ್ರಾಕ್ಟರಿನವನು ಅಲ್ಲೇ ನಿಂತು ಹವಾಮಾನದ ಬಗ್ಗೆ ನಾಲ್ಕು ಮಾತಾಡಿ ಮೂರನೇ ಸಲ ಕೇಳಿದ್ದ. ಹೀಗೆ ಊರು ಕಟ್ಟಿದ ನೂರಿಪ್ಪತ್ತು ವರ್ಷದಿಂದ ಯಾರೂ ಹಸಿದಿರಲಿಲ್ಲ, ಯಾರೂ ಹಿಮದಲ್ಲಿ ಉಳಿದಿರಲಿಲ್ಲ.

ಆದರೆ ಪಡಸಾಲೆಯಿಂದ ಎರಡನೇ ‘ಬೇಡ’ ಕೇಳಿಸಲೇ ಇಲ್ಲ. ಎಷ್ಟೋ ಹೊತ್ತಿನ ಮೇಲೆ ರಿಸೀವರ್ ಇಟ್ಟ ಸದ್ದು ಬಂತು. ಸಿಗ್ನೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

“ಎಷ್ಟು ಬೋಗುಣಿಯಂತೆ?” ಎಂದು ಡಾರ್ಲಾ ತಲೆ ಎತ್ತದೆ ಕೇಳಿದಳು.

“ವರ್ನಾ ಅಲ್ಲಮ್ಮ. ಚಿಕಾಗೋ.”

ಡಾರ್ಲಾಳ ಚಾಕು ದಂಟಿನ ಮೇಲೆ ನಿಂತಿತು. “ಚಿಕಾಗೋದಲ್ಲಿ ನಮ್ಮೋರು ಯಾರಿದಾರೆ?”

“ಕಾಲೇಜು. ಮಿಸ್ ಪಲೆರ್ಮೊ ಅಂತೆ. ಫೈನಾನ್ಸ್ ಡಿಗ್ರಿಗೆ ಒಂದು ಸೀಟು ಖಾಲಿಯಾಗಿದೆ, ಕಾಯೋ ಪಟ್ಟಿಯಲ್ಲಿ ನಿನ್ ಹೆಸರಿದೆ, ಕೊಟ್ರೆ ಬರ್ತೀಯಾ ಅಂತ ಕೇಳಿದ್ರು.”

“ನೀನು ಬೇಡ ಅಂದೆ.”

“ಹೂಂ.”

“ಆಮೇಲೆ ಅವರು ಇನ್ನೊಂದ್ಸಲ ಕೇಳಿದ್ರು.”

“ಇಲ್ಲ. ‘ಸರಿ, ತಿಳಿಸಿದ್ದಕ್ಕೆ ಥ್ಯಾಂಕ್ಸ್, ನಿನಗೆ ಒಳ್ಳೇದಾಗ್ಲಿ’ ಅಂತ ಹೇಳಿ ಇಟ್ಬಿಟ್ರು.”

“ಒಂದೇ ಸಲ ಕೇಳಿ?”

“ಒಂದೇ ಸಲ.”

“ಎಂಥ ಜನಾನಪ್ಪ!” ಎಂದಳು ಡಾರ್ಲಾ. ಮನೆಯಲ್ಲಿ ಕೂರಿಸಿ ಬರೀ ನೀರು ಕೊಟ್ಟು ಕಳಿಸಿದವರ ಬಗ್ಗೆ ಆಡುವ ದನಿಯದು.

ಈ ಡಿಗ್ರಿಯ ಪ್ರಶ್ನೆ ಚಳಿಗಾಲವಿಡೀ ಆ ಮನೆಯ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಹಾಗೆ ಕೂತಿತ್ತು. ಸಿಗ್ನೆಗೆ ದುಡ್ಡಿನ ವ್ಯವಹಾರ ನಡೆಯುವ ಕಡೆಯೇ ಕೆಲಸ ಬೇಕು ಎಂಬುದರಲ್ಲಿ ಅನುಮಾನವಿರಲಿಲ್ಲ. ಆರು ವರ್ಷದವಳಿದ್ದಾಗ, ಜಿಲ್ಲೆಯ ರಸ್ತೆಗಳನ್ನು ಸಮ ಮಾಡುವ ಯಂತ್ರದಲ್ಲಿ ಅಪ್ಪ ಲೋವೆಲ್‌ನ ಪಕ್ಕ ಕೂತು ಮಧ್ಯಾಹ್ನದ ರೇಡಿಯೋ ಕೇಳುತ್ತಿದ್ದಳು. ಚಿಕಾಗೋದಲ್ಲಿ ಮೆಕ್ಕೆಜೋಳ ಇಷ್ಟು, ಸೋಯಾ ಇಷ್ಟು. “ಜೋಳ ಇರೋದು ಇಲ್ಲಿ. ಅದರ ಬೆಲೆ ಯಾಕಪ್ಪ ಅಲ್ಲಿರೋದು?” ಎಂದು ಕೇಳಿದ್ದಳು. ಲೋವೆಲ್ ಎರಡು ಮೈಲಿ ಯೋಚನೆ ಮಾಡಿ, “ಒಳ್ಳೇ ಪ್ರಶ್ನೆ,” ಎಂದಿದ್ದ. ಆ ಉತ್ತರ ಅವಳಿಗೆ ಇವತ್ತಿನವರೆಗೂ ಸಾಲದೆ ಉಳಿದಿತ್ತು.

ಅರ್ಜಿ ಹಾಕಿದ್ದು ಮೂರು ಕಡೆ. ಒಂದೂವರೆ ಗಂಟೆ ದಾರಿಯಲ್ಲಿರುವ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಅಕೌಂಟಿಂಗು. ಚರ್ಚಿನ ಅರ್ಧ ಜನ ಓದಿ ಬಂದ ಲೂಥರನ್ ಕಾಲೇಜಿನಲ್ಲಿ ಅರ್ಥಶಾಸ್ತ್ರ. ಎಂಟು ಗಂಟೆ ದಾರಿಯ ಚಿಕಾಗೋದಲ್ಲಿ ಫೈನಾನ್ಸು. ಮೊದಲೆರಡು ಕಡೆ ಸೀಟು ಸಿಕ್ಕಿತು. ಚಿಕಾಗೋದವರು ಕಾಯುವ ಪಟ್ಟಿಗೆ ಹಾಕಿದರು.

ಭಾನುವಾರಗಳಲ್ಲಿ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯ ಕಾಫಿಗೆ ಇದೇ ನೆಂಚಿಕೆಯಾಯಿತು. ಊರಿನ ಬ್ಯಾಂಕನ್ನು ಮೂವತ್ತು ವರ್ಷ ನಡೆಸಿ ನಿವೃತ್ತನಾದ ಎಲ್ರಾಯ್ ಒಮ್ಮೆ ಸಿಗ್ನೆಯನ್ನು ಪಕ್ಕಕ್ಕೆ ಕೂರಿಸಿಕೊಂಡು ವಿವರಿಸಿದ್ದ.

“ನೋಡಮ್ಮ, ಅಕೌಂಟಿಂಗ್ ಓದಿದೋರು ಹೋದ ವರ್ಷ ಏನಾಯ್ತು ಅಂತ ಕರಾರುವಾಕ್ಕಾಗಿ ಹೇಳ್ತಾರೆ. ಅರ್ಥಶಾಸ್ತ್ರದೋರು ಅದು ಯಾಕಾಯ್ತು ಅಂತ ಹೇಳ್ತಾರೆ. ಇಬ್ಬರು ಸೇರಿದ್ರೆ ಮೂರು ಕಾರಣ.”

“ಫೈನಾನ್ಸ್ ಓದಿದೋರು?”

“ಅವರು ಬರೋ ವರ್ಷ ಏನಾಗುತ್ತೆ ಅಂತ ಹೇಳ್ತಾರೆ. ಅದಕ್ಕೇ ಅವರಿಗೆ ಅಷ್ಟು ಒಳ್ಳೇ ಸೂಟು ಬೇಕಾಗೋದು.”

“ನೀವೇನು ಓದಿದ್ರಿ?”

“ನಾನಾ?” ಎಲ್ರಾಯ್ ಕಾಫಿಯ ಲೋಟವನ್ನು ಸುತ್ತ ತಿರುಗಿಸಿದ. “ನಾನು ಟ್ರಾಂಬೋನ್ ನುಡಿಸೋದು ಓದಿದೆ. ಆಗ ಬ್ಯಾಂಕಿಗೆ ಜನ ಬೇಕಿತ್ತು. ಎರಡು ಸಲ ಬೇಡ ಅಂದೆ.”

ಯಾರೂ ಇದನ್ನೇ ಓದು ಎಂದು ಬಾಯಿಬಿಟ್ಟು ಹೇಳಲಿಲ್ಲ. ಹಾಗೆ ಹೇಳುವುದು ಆ ಊರಿನ ಪದ್ಧತಿಯಲ್ಲ. ಅಕೌಂಟಿಂಗ್ ಎಂದರೆ “ಕೆಟ್ಟದ್ದೇನಿಲ್ಲ” ಎನ್ನುತ್ತಿದ್ದರು, ಅಂದರೆ ಅದಕ್ಕಿಂತ ಒಳ್ಳೆಯದಿಲ್ಲ. ಚಿಕಾಗೋ ಎಂದರೆ ಸ್ವಲ್ಪ ಹೊತ್ತು ಕಾಫಿ ಕಲಕಿ, “ಹೂಂ… ಅದೂ ಒಂಥರ ಊರೇ,” ಎನ್ನುತ್ತಿದ್ದರು. ಇದಕ್ಕಿಂತ ಕಟುವಾದ ಮಾತನ್ನು ಡಾರ್ಲಾ ಆ ನೆಲಮಾಳಿಗೆಯಲ್ಲಿ ಕೇಳಿರಲಿಲ್ಲ. ಮೇ ಒಂದನೇ ತಾರೀಕಿನ ಗಡುವಿಗೆ ಸಿಗ್ನೆ ಅಕೌಂಟಿಂಗಿಗೆ ಹೆಸರು ಕೊಟ್ಟಳು. ಡಾರ್ಲಾ ಅದೇ ವಾರ ಪೇಟೆಗೆ ಹೋಗಿ, ಮಗಳು ಶನಿವಾರ ಶನಿವಾರ ಹೊತ್ತು ತರಲಿರುವ ಮಾಸಿದ ಬಟ್ಟೆಗೆಂದು ಹೊಸದೊಂದು ದೊಡ್ಡ ಬುಟ್ಟಿ ಕೊಂಡು ತಂದಳು.

ಇದಾಗಿ ಆರೇ ದಿನಕ್ಕೆ ಈ ಫೋನು.

ಡಾರ್ಲಾ ಮತ್ತೆ ದಂಟು ಹೆಚ್ಚತೊಡಗಿದಳು. ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ಇನ್ನೂರು ಮಕ್ಕಳಿಗೆ ಹೆಚ್ಚುವ ಕೈ ಅದು, ತಾನಾಗಿ ಓಡುತ್ತದೆ. ತಲೆ ಬೇರೆ ಕಡೆ ಓಡುತ್ತಿತ್ತು. ‘ಹೋಗ್ಲಿ ಬಿಡು, ಆಗೋದೆಲ್ಲ ಒಳ್ಳೇದಕ್ಕೇ’ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಅದನ್ನು ಹೊರಗೆ ಬಿಟ್ಟರೆ ಮುಗಿಯಿತು. ತಾನೇನೂ ತಪ್ಪು ಮಾಡಿದಂತೆಯೂ ಆಗುವುದಿಲ್ಲ. ಮಗಳೇ ಬೇಡ ಎಂದಳು, ಅವರೇ ಸರಿ ಎಂದರು. ಎಂಟು ಗಂಟೆಯ ದಾರಿ ಒಂದೇ ಏಟಿಗೆ ಒಂದೂವರೆ ಗಂಟೆಯಾಗಿ ಉಳಿಯಿತು. ಬುಟ್ಟಿ ದಂಡವಾಗಲಿಲ್ಲ.

ಸಿಗ್ನೆ ತೊಟ್ಟಿಯ ಬಳಿ ನಿಂತು ಲೋಟ ತೊಳೆಯುತ್ತಿದ್ದಳು. ಅದನ್ನು ಡಾರ್ಲಾ ಆಗತಾನೇ ತೊಳೆದು ಬೋರಲು ಹಾಕಿದ್ದಳು. ತೊಳೆದ ಲೋಟವನ್ನೇ ಸೋಪು ಹಚ್ಚಿ ಉಜ್ಜಿ, ನೀರು ಬಿಟ್ಟು, ಬೆಳಕಿಗೆ ಹಿಡಿದು ನೋಡಿ, ಮತ್ತೆ ಸೋಪು ಹಚ್ಚಿದಳು.

ಡಾರ್ಲಾ ಚಾಕು ಕೆಳಗಿಟ್ಟಳು. “ಸಿಗ್ನೆ, ನಿಂಗೆ ಅಲ್ಲಿಗೆ ಹೋಗೋ ಮನಸ್ಸಿತ್ತೇನೇ?”

“ಪರವಾಗಿಲ್ಲಮ್ಮ.”

‘ಪರವಾಗಿಲ್ಲ’ ಎಂದರೇನು ಎಂದು ಡಾರ್ಲಾಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎರಡು ವರ್ಷದ ಹಿಂದೆ ಬಿರುಗಾಳಿಗೆ ಕಾರಿನ ಶೆಡ್ಡಿನ ಸೂರು ಹಾರಿಹೋಗಿ ಪಕ್ಕದವರ ಸೋಯಾ ಹೊಲದಲ್ಲಿ ಬಿದ್ದಾಗ, ಆಕಾಶ ನೋಡುತ್ತಾ ನಿಂತ ಲೋವೆಲ್ ಆಡಿದ್ದೂ ಇದೇ ಮಾತು.

“ನಿಜ ಹೇಳು ಪುಟ್ಟಿ. ಬೇಕಿತ್ತಾ?”

“ಅಕೌಂಟಿಂಗೂ ಕೆಟ್ಟದ್ದೇನಿಲ್ಲ.”

ಎರಡಾಯಿತು. ಇಲ್ಲಿಗೇ ನಿಲ್ಲಿಸಬಹುದು ಎಂದು ಡಾರ್ಲಾಗೆ ಆ ಕ್ಷಣದಲ್ಲಿ ಸ್ಪಷ್ಟವಾಗಿ ಅನ್ನಿಸಿತು. ಚಿಕಾಗೋದ ಹೆಂಗಸು ಒಂದಕ್ಕೇ ನಿಲ್ಲಿಸಿದಳು, ತಾನು ಎರಡು ಸಲ ಕೇಳಿದ್ದೇನೆ. ಲೋಟದಿಂದ ನೀರು ಸಿಗ್ನೆಯ ಮೊಣಕೈಗುಂಟ ಇಳಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವಳಿಗೆ ಅದರ ಗೊಡವೆಯೇ ಇರಲಿಲ್ಲ. ಡಾರ್ಲಾ ಕೈ ಒರೆಸಿಕೊಂಡು ಹತ್ತಿರ ಹೋದಳು.

“ಮೂರನೇ ಸಲ ಕೇಳ್ತಾ ಇದ್ದೀನಿ ಕಣೆ. ಬೇಕಿತ್ತಾ?”

“ಬೇಕಿತ್ತು,” ಎಂದಳು ಸಿಗ್ನೆ. ಹೇಳಿದ್ದೇ ತಡ, ಮೂಗು ಕೆಂಪಾಯಿತು. “ತುಂಬಾ ಬೇಕಿತ್ತಮ್ಮ. ಇನ್ನೊಂದ್ಸಲ ಕೇಳ್ತಾರೆ ಅಂತ ಕಾಯ್ತಾ ಇದ್ದೆ. ಅವರು ಇಟ್ಟ ಮೇಲೂ ಫೋನ್ ಕಿವಿಗೆ ಹಿಡ್ಕೊಂಡು ಕಾಯ್ತಾ ನಿಂತಿದ್ದೆ. ಕುಂಯ್ ಅಂತಿತ್ತು.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ತುತ್ತು ತುಟಿಯವರೆಗೂ ಬಂದಿತ್ತು. ಬಾಯಿ ಮುಚ್ಚಿಕೊಳ್ಳುವುದನ್ನು ಕಲಿಸಿದವಳು ತಾನೇ. ಎರಡು ವರ್ಷದ ಸಿಗ್ನೆ ಯಾರದೋ ಮನೆಯಲ್ಲಿ ಬಿಸ್ಕತ್ತಿಗೆ ಕೈ ಹಾಕಿದಾಗ ಮೆಲ್ಲನೆ ಆ ಕೈಯನ್ನು ಹಿಂದಕ್ಕೆ ಎಳೆದು, ‘ಮೊದ್ಲು ಏನನ್ಬೇಕು?’ ಎಂದು ಕೇಳಿದ್ದು ಡಾರ್ಲಾಗೆ ನೆನಪಿತ್ತು.

“ಹಾಗಾದ್ರೆ ನಾವೇ ಫೋನ್ ಮಾಡೋಣ,” ಎಂದಳು.

“ನಾವಾಗಿ ನಾವೇನಾ?”

“ಹೂಂ.”

“ಏನಂತ?”

“ಬೇಕು ಅಂತ.”

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ರಾಯನ ಬ್ಯಾಂಕಿಗೆ ಕನ್ನ ಹಾಕುವ ಮಾತು ಬಂದಿದ್ದರೂ ಇಬ್ಬರಿಗೂ ಇಷ್ಟು ಗಾಬರಿಯಾಗುತ್ತಿರಲಿಲ್ಲ.

ಅಷ್ಟರಲ್ಲಿ ಲೋವೆಲ್ ಬಂದ. ಹಿಂಬಾಗಿಲಲ್ಲಿ ಬೂಟು ಬಿಚ್ಚಿಟ್ಟು, ಟೋಪಿ ಮೊಳೆಗೆ ನೇತುಹಾಕಿ, ಕೈ ತೊಳೆದು, ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡ. ಮೊದಲು ಹೆಂಡತಿಯ ಬಾಯಿಂದ ಒಮ್ಮೆ, ಆಮೇಲೆ ಮಗಳ ಬಾಯಿಂದ ಒಮ್ಮೆ.

“ಓ,” ಎಂದ.

“ಓ ಅಂದ್ರೆ ಏನು ಲೋವೆಲ್? ಆಫೀಸು ಐದಕ್ಕೆ ಮುಚ್ಚುತ್ತೆ. ಈಗಲೇ ಮೂರೂವರೆ.”

“ಅಭ್ಯಾಸ ಮಾಡ್ಕೊಳ್ಳಿ ಮೊದ್ಲು,” ಎಂದು ಲೋವೆಲ್ ಮೇಜಿನ ಮೇಲಿದ್ದ ಬಾಳೆಹಣ್ಣೊಂದನ್ನು ತೆಗೆದು ಕಿವಿಗಿಟ್ಟುಕೊಂಡ. “ಟ್ರಿಣ್ ಟ್ರಿಣ್. ನಾನು ಚಿಕಾಗೋ. ಏನಮ್ಮ, ನಿಂಗೆ ಸೀಟು ಬೇಕಾ?”

ಸಿಗ್ನೆ ಗಂಟಲು ಸರಿಮಾಡಿಕೊಂಡಳು. “ನಿಮಗೆ ತೊಂದ್ರೆ ಇಲ್ಲ ಅಂದ್ರೆ…”

“ಇಟ್ಟೆ,” ಎಂದು ಲೋವೆಲ್ ಬಾಳೆಹಣ್ಣನ್ನು ಮೇಜಿಗಿಟ್ಟ.

“ಅಪ್ಪ!”

“ಚಿಕಾಗೋದೋರು ಹಾಗೇ. ಇನ್ನೊಂದ್ಸಲ. ಟ್ರಿಣ್ ಟ್ರಿಣ್. ಬೇಕಾ?”

“ಬೇರೆ ಯಾರಿಗೂ ಬೇಡವಾದ್ರೆ ಮಾತ್ರ…”

“ಇಟ್ಟೆ.”

“ಅಷ್ಟು ಕಷ್ಟ ಏನೇ ಅದು!” ಎಂದಳು ಡಾರ್ಲಾ. “ಬೇಕು ಅಂತ ಒಂದು ಮಾತು.”

“ನೀನು ಹೇಳು ನೋಡೋಣ,” ಎಂದು ಲೋವೆಲ್ ಬಾಳೆಹಣ್ಣನ್ನು ಅವಳತ್ತ ತಿರುಗಿಸಿದ. “ಡಾರ್ಲಾ, ಬಾಳೆಹಣ್ಣು ಬೇಕಾ?”

“ನಂಗ್ಯಾಕೆ, ನೀನು ತಿನ್ನು,” ಎಂದು ಅವಳ ಬಾಯಿ ತಾನಾಗಿ ಹೇಳಿಬಿಟ್ಟಿತು. ಸಿಗ್ನೆ ಅತ್ತ ಮುಖದಲ್ಲೇ ಕಿಸಕ್ಕೆಂದಳು.

“ನಿಮ್ಮಮ್ಮನ ಕೇಳ್ಬೇಡ,” ಎಂದ ಲೋವೆಲ್. “ಮದ್ವೆ ಆಗ್ತೀಯಾ ಅಂತ ಕೇಳಿದ್ರೆ ಎರಡು ಸಲ ಬೇಡ ಅಂದೋಳು.”

“ಮೂರನೇ ಸಲ ಕೇಳ್ತೀಯ ಅಂತ ಗೊತ್ತಿತ್ತಲ್ಲ ನಂಗೆ.”

“ನಂಗೆ ಗೊತ್ತಿರ್ಲಿಲ್ಲ.”

“ಏನು ಹಂಗಂದ್ರೆ? ನೀನೂ ಇದೇ ಊರೋನು.”

“ಕೇಕಿಗೆ ಹಾಗೆ ಅಂತ ಗೊತ್ತಿತ್ತು. ಮದ್ವೆಗೂ ಹಾಗೇ ಅಂತ ಯಾರು ಹೇಳಿದ್ರು?” ಲೋವೆಲ್ ಬಾಳೆಹಣ್ಣಿನ ಸಿಪ್ಪೆ ಸುಲಿಯತೊಡಗಿದ. “ಹನ್ನೊಂದು ದಿನ.”

“ಏನು ಹನ್ನೊಂದು ದಿನ?”

“ಎರಡನೇ ಸಲಕ್ಕೂ ಮೂರನೇ ಸಲಕ್ಕೂ ಮಧ್ಯೆ. ಫಾರ್ಗೋಗೆ ಹೋಗಿ ಕೆಲಸಕ್ಕೆ ಅರ್ಜಿ ಕೊಟ್ಟು ಬಂದಿದ್ದೆ. ಊರೇ ಬಿಟ್ಬಿಡೋಣ ಅಂತ.”

ಡಾರ್ಲಾ ಕುರ್ಚಿ ಎಳೆದು ಅವನೆದುರು ಕೂತಳು. ಇಪ್ಪತ್ತೆರಡು ವರ್ಷ ಒಂದೇ ಮೇಜಿನಲ್ಲಿ ಉಂಡಿದ್ದರು. “ಯಾವತ್ತೂ ಹೇಳ್ಲೇ ಇಲ್ವಲ್ಲೋ ನೀನು!”

“ನೀನು ಕೇಳ್ಲಿಲ್ಲ,” ಎಂದು ಲೋವೆಲ್ ಚಿಕಾಗೋವನ್ನು ಎರಡು ತುತ್ತಿಗೆ ನುಂಗಿದ.

ನಾಲ್ಕು ಗಂಟೆಗೆ ಐದು ನಿಮಿಷವಿರುವಾಗ ಸಿಗ್ನೆ ನಂಬರು ಒತ್ತಿದಳು. ಆ ಕಡೆ ಮನುಷ್ಯರು ಎತ್ತಲಿಲ್ಲ. ಹೇಳುವುದನ್ನು ಹೇಳಿ ಇಡಿ ಎಂದು ಯಂತ್ರ ಹೇಳಿತು. ಯಂತ್ರದ ಮುಂದೆ ಧೈರ್ಯ ಬರಬೇಕಿತ್ತು. ಬರಲಿಲ್ಲ.

“ನಮಸ್ಕಾರ, ನಾನು ಸಿಗ್ನೆ ಟ್ವೈಟ್, ಆಗ್ಲೇ ಮಾತಾಡಿದ್ವಲ್ಲ,” ಎಂದು ಅವಳು ಶುರುಮಾಡಿದಳು. “ತೊಂದ್ರೆ ಕೊಡ್ತಿರೋದಕ್ಕೆ ಕ್ಷಮಿಸಿ. ನೀವು ತುಂಬಾ ಕೆಲಸದಲ್ಲಿರ್ತೀರ. ಆ ಸೀಟಿನ ವಿಷಯ… ಅಂಥ ಅವಸರ ಏನಿಲ್ಲ. ಬಿಡುವಾದಾಗ ಯೋಚನೆ ಮಾಡಿ. ವಾಪಸ್ ಫೋನ್ ಮಾಡ್ಲೇಬೇಕು ಅಂತೇನೂ ಇಲ್ಲ…”

ಡಾರ್ಲಾಗೆ ಅದೇನಾಯಿತೋ, ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ತಿಳಿಯಲಿಲ್ಲ. ಬೇರೆಯವರ ಮಾತಿನ ನಡುವೆ ಬಾಯಿ ಹಾಕಿದವಳಲ್ಲ, ಬೇರೆಯವರ ಕೈಯಿಂದ ಏನನ್ನೂ ಕಿತ್ತುಕೊಂಡವಳಲ್ಲ. ರಿಸೀವರನ್ನು ಮಗಳ ಕೈಯಿಂದ ಕಿತ್ತುಕೊಂಡಳು.

“ನಾನು ಅವಳ ತಾಯಿ. ಅವಳಿಗೆ ಆ ಸೀಟು ಬೇಕು. ಬೇಡ ಅಂದಿದ್ದು ಮರ್ಯಾದೆಗೆ. ನಮ್ಮ ಕಡೆ ಮೂರು ಸಲ ಕೇಳ್ಬೇಕು, ನಿಮಗೆ ಗೊತ್ತಿಲ್ಲ, ನಿಮ್ಮ ತಪ್ಪಲ್ಲ. ಅವಳಿಗೆ ಫೈನಾನ್ಸೇ ಓದ್ಬೇಕು, ಆರು ವರ್ಷದಿಂದಲೂ… ಅಂದ್ರೆ ಆರನೇ ವರ್ಷದಿಂದ. ಅವಳಿಗೆ ಬೇಕು.”

ಕಾದ ಬಾಣಲೆಯನ್ನು ಇಡುವಂತೆ ಫೋನನ್ನು ಇಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಕೆನ್ನೆ ಉರಿಯುತ್ತಿತ್ತು.

“ನಾನು ತುಂಬಾ ಒರಟಾಗಿ ಮಾತಾಡಿದ್ನಾ?”

“ಹೌದು,” ಎಂದ ಲೋವೆಲ್, ಮೆಚ್ಚುಗೆಯಿಂದ.

ಇನ್ನು ಕಾಯುವುದು. ಸಿಗ್ನೆ ಫೋನಿನ ಪಕ್ಕದ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, “ಬೇಕು, ಬೇಕು, ಬೇಕು,” ಎಂದು ಬಾಯಿಪಾಠ ಮಾಡುತ್ತಿದ್ದಳು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಫೋನು ರಿಂಗಾಯಿತು. ಒಂದನೇ ಟ್ರಿಣ್ ಮುಗಿಯುವ ಮೊದಲೇ ಎತ್ತಿದಳು.

“ಹೌದು, ನಂಗೆ ಬೇಕು! ಖಂಡಿತ ಬೇಕು! ಈಗ್ಲೇ ತಗೋತೀನಿ!”

ಆ ಕಡೆ ಬೋಗುಣಿಯೊಂದನ್ನು ಕೆಳಗಿಟ್ಟ ಸದ್ದಾಯಿತು.

“ಸಿಗ್ನೆ?” ಎಂದಳು ವರ್ನಾ. “ನಾನಿನ್ನೂ ಏನೂ ಕೇಳೇ ಇಲ್ವಲ್ಲ ಮಗು.”

ಸಿಗ್ನೆ ಬಿಳಿಚಿಕೊಂಡಳು. “ವರ್ನಾ ಆಂಟಿ… ನಾನು ಬೇರೆ ಯಾರೋ ಅಂದ್ಕೊಂಡೆ…”

“ಆಲೂಗಡ್ಡೆ ಸಲಾಡು ಉಳಿದಿತ್ತು, ನಿಮಗೆ ಬೇಕಾಗಬಹುದೇನೋ ಅಂತ ಕೇಳೋಕೆ ಮಾಡಿದೆ. ಇಷ್ಟೊಂದು ಬೇಕಾಗಿದೆ ಅಂತ ಗೊತ್ತಿರ್ಲಿಲ್ಲ.” ವರ್ನಾಳ ದನಿ ತಗ್ಗಿತು. “ಮನೇಲಿ ಎಲ್ಲ ಸರಿಯಾಗಿದೆ ತಾನೆ? ಅಪ್ಪನಿಗೆ ಕೆಲಸ ಇದೆಯಲ್ವಾ?”

“ಇದೆ ಆಂಟಿ. ಫೋನ್ ಇಡ್ಬೇಕಿತ್ತು, ಒಂದು ಕರೆ ಬರೋದಿದೆ.”

“ಇಡು ಇಡು. ಎರಡು ಬೋಗುಣೀನೂ ಕಳಿಸ್ತೀನಿ. ಪಾಪ,” ಎಂದು ವರ್ನಾ ಇಟ್ಟಳು.

“ಮುಗೀತು,” ಎಂದಳು ಡಾರ್ಲಾ, ಕುರ್ಚಿಗೆ ಕುಸಿದು. “ಸಂಜೆಯೊಳಗೆ ಊರಿಗೆಲ್ಲ ನಾವು ಉಪವಾಸ ಇದ್ದೀವಿ ಅಂತ ಸುದ್ದಿ.”

ನಾಲ್ಕೂವರೆಯಾಯಿತು. ನಾಲ್ಕೂ ಮುಕ್ಕಾಲಾಯಿತು. ಲೋವೆಲ್ ಗಡಿಯಾರದ ಕಡೆ ನೋಡದಿರಲೆಂದು ಕಿಟಕಿಯ ಕಡೆ ತಿರುಗಿ ಕೂತಿದ್ದ. ಐದಕ್ಕೆ ಎಂಟು ನಿಮಿಷವಿರುವಾಗ ಫೋನು ರಿಂಗಾಯಿತು. ಈ ಸಲ ಸಿಗ್ನೆ ಎರಡು ಟ್ರಿಣ್ ಬಿಟ್ಟು, “ಹಲೋ?” ಎಂದಳು. ಡಾರ್ಲಾ ಓಡಿ ಬಂದು ರಿಸೀವರಿನ ಆಚೆ ಬದಿಗೆ ತನ್ನ ಕಿವಿ ಒತ್ತಿ ನಿಂತಳು. ತಾಯಿ ಮಗಳ ತಲೆ ತಲೆ ತಾಕಿತು.

“ಸಿಗ್ನೆ, ನಾನು ಪಲೆರ್ಮೊ,” ಎಂದಿತು ಒಂದು ಚುರುಕು ದನಿ, ಬಸ್ಸು ಹಿಡಿಯಲು ಓಡುವವರ ಹಾಗೆ. “ನಿಮ್ಮಮ್ಮ ಹೇಳಿದ್ದು ಕೇಳಿದೆ. ಎರಡು ಸಲ ಕೇಳಿದೆ, ಆಮೇಲೆ ಆಫೀಸಿಗೆಲ್ಲ ಕೇಳಿಸಿದೆ. ನೋಡಮ್ಮ, ಇಲ್ಲಿ ಮೂರು ಮೂರು ಸಲ ಕೇಳ್ತಾ ಕೂರೋಕೆ ಯಾರಿಗೂ ಪುರುಸೊತ್ತಿಲ್ಲ. ನಿನ್ನ ಹಿಂದೆ ಇದ್ದ ಹುಡುಗನಿಗೆ ಮಧ್ಯಾಹ್ನದಿಂದ ಫೋನ್ ಮಾಡ್ತಾ ಇದ್ದೀನಿ, ಅವನು ಎತ್ತುತ್ತಿಲ್ಲ. ಈಗ ನಿನ್ನ ಕೇಳ್ತೀನಿ. ಸೀಟು ಕೊಟ್ರೆ ಬರ್ತೀಯಾ?”

ಸಿಗ್ನೆ ಬಾಯಿ ತೆರೆದಳು. ಡಾರ್ಲಾ ಮಗಳ ಗಂಟಲಿನಲ್ಲಿ ಮಾತು ಏರುವುದನ್ನು ಹತ್ತಿರದಿಂದ ಕಂಡಳು. ಏರಿದ ಮಾತು ಯಾವುದೆಂಬುದು ಅವಳಿಗೆ ಹೊರಬರುವ ಮೊದಲೇ ಗೊತ್ತಾಯಿತು.

“ಆ ಹುಡುಗನಿಗೆ…” ಎಂದಳು ಸಿಗ್ನೆ. “ಅವನಿಗೆ ಬೇಜಾರಾಗಲ್ವಾ?”

ಲೋವೆಲ್ ಕುರ್ಚಿಯಿಂದ ಎದ್ದು ನಿಂತ. ಡಾರ್ಲಾ ಎರಡೂ ಕೈಯಲ್ಲಿ ಏಪ್ರನ್ ಹಿಂಡಿ ಹಿಡಿದಳು. ಪಕ್ಕದಿಂದ ಒಂದು ಮಾತು ಪಿಸುಗುಡಬಹುದಿತ್ತು. ತುಟಿ ಬಿಗಿದು ಸುಮ್ಮನೆ ನಿಂತಳು. ಫೋನಿನ ಆಚೆ ಯಾರೋ ಕಪಾಟು ಮುಚ್ಚಿದರು, ಬೀಗದ ಕೈ ಸದ್ದಾಯಿತು. ಮಿಸ್ ಪಲೆರ್ಮೊ ಮತ್ತೆ ಕೇಳಲಿಲ್ಲ.

“ಬೇಕು,” ಎಂದಳು ಸಿಗ್ನೆ.

ದನಿ ಎಷ್ಟು ಜೋರಾಗಿತ್ತೆಂದರೆ ಡಾರ್ಲಾಳ ಕಿವಿ ಗುಂಯ್ಗುಟ್ಟಿತು. “ನಂಗೆ ಬೇಕು. ಬರ್ತೀನಿ.”

“ಭೇಷ್. ಇವತ್ತೇ ಪತ್ರ ಕಳಿಸ್ತೀನಿ, ಶುಕ್ರವಾರದೊಳಗೆ ಸಹಿ ಮಾಡಿ ವಾಪಸ್ ಕಳಿಸು. ಅಮ್ಮನಿಗೆ ನಮಸ್ಕಾರ ಹೇಳು,” ಎಂದು ಮಿಸ್ ಪಲೆರ್ಮೊ ಇಟ್ಟೇಬಿಟ್ಟಳು.

ಕುಣಿಯುವುದು, ಕಿರುಚುವುದು, ತಬ್ಬಿಕೊಳ್ಳುವುದು ಆ ಮನೆಯಲ್ಲಿ ಯಾರಿಗೂ ಅಭ್ಯಾಸವಿರಲಿಲ್ಲ. ಸಿಗ್ನೆ ಕೆಂಪಗೆ ಬೆವರಿ, ದೂರ ಓಡಿಬಂದವಳಂತೆ ನಗುತ್ತಾ ಗೋಡೆಗೆ ಒರಗಿದಳು. ಡಾರ್ಲಾ ಅವಳ ಹಣೆಯ ಮೇಲಿನ ಕೂದಲನ್ನು ಕಿವಿಯ ಹಿಂದೆ ಸೇರಿಸಿದಳು, ಅದು ಜಾರಿತು, ಮತ್ತೆ ಸೇರಿಸಿದಳು.

“ಸರಿ ಹಾಗಾದ್ರೆ,” ಎಂದ ಲೋವೆಲ್. “ಒಳ್ಳೇದಾಯ್ತು.” ಆಮೇಲೆ ಬೂಟು ಹಾಕಿಕೊಂಡು ಹೊರಗೆ ಹೋದ. ಸಿಗ್ನೆಯೂ ಅವನ ಹಿಂದೆ ಹೋದಳು.

ಡಾರ್ಲಾ ಅಡುಗೆಮನೆಗೆ ಬಂದು ಉಳಿದ ದಂಟನ್ನು ಹೆಚ್ಚಿ, ಸಕ್ಕರೆ ಬೆರೆಸಿ, ಹಿಟ್ಟಿನ ಮೇಲೆ ಹರವಿ ಒಲೆಗಿಟ್ಟಳು. ಮೇಜು ಒರೆಸಿದಳು. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದಳು. ಬಟ್ಟೆ ಹಿಂಡಲೆಂದು ತೊಟ್ಟಿಯ ಬಳಿ ಹೋದಾಗ ಕಿಟಕಿಯಾಚೆ ಗಂಡನೂ ಮಗಳೂ ಕಂಡರು.

ಲೋವೆಲ್ ಪಿಕಪ್ ಗಾಡಿಯ ಹಿಂಬಾಗಿಲನ್ನು ಇಳಿಸಿ, ಅಳತೆಯ ಟೇಪು ಹಿಡಿದು ನಿಂತಿದ್ದ. ಅದರ ಇನ್ನೊಂದು ತುದಿ ಹಿಡಿದು ಸಿಗ್ನೆ ಗಾಡಿಯ ಒಳಗೆ ಕುಕ್ಕುರುಗಾಲಲ್ಲಿ ಕೂತಿದ್ದಳು. ಉದ್ದ ಅಳೆದರು. ಅಗಲ ಅಳೆದರು. ಲೋವೆಲ್ ಏನೋ ಕೇಳಿದ. ಸಿಗ್ನೆ ಎರಡೂ ಕೈ ಚಾಚಿ ಇಷ್ಟು ದೊಡ್ಡದು ಎಂದು ತೋರಿಸಿದಳು, ಮಂಚವೋ ಮೇಜೋ. ಅವನು ಜೇಬಿನಿಂದ ಪೆನ್ನು ತೆಗೆದು ಅಂಗೈಯಲ್ಲಿ ಬರೆದುಕೊಂಡ. ಕಾಲೇಜು ಶುರುವಾಗುವುದಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ಆ ಗಾಡಿಯನ್ನು ಅವನು ಹದಿನಾರು ವರ್ಷದಿಂದ ಓಡಿಸುತ್ತಿದ್ದ. ಆದರೂ ಅಂಗೈಯನ್ನು ನೋಡಿಕೊಂಡು, ತಲೆಯಾಡಿಸಿ, ಟೇಪನ್ನು ಮತ್ತೆ ಮೊದಲಿನಿಂದ ಎಳೆದ.